ಕೇಪಿನ ಪಿಸ್ತೂಲಿಗೆ ಒಗ್ಗುವ ಈಡು

ಬಾಯಿಂದ ಮಸಿ (ಕೋವಿಮದ್ದು), ಗುಂಡು ತುಂಬುವ ಪಿಸ್ತೂಲಿನಿಂದ ಗುಂಡು ಹಾರಿದ ಮೇಲೆ ಎಲ್ಲರ ಕಣ್ಣು ಗುರಿಹಾಳೆಯ ಮೇಲೆ. ಪಳಗಿದವರು ಮಾತ್ರ, ರೇಂಜಿನಲ್ಲಿ ಹೊಡೆತ ನಿಂತಿತೆಂದು ಖಾತ್ರಿಯಾದ ಕೂಡಲೇ ನಾಲ್ಕೈದು ಮೀಟರ್ ಮುಂದೆ ಹೋಗಿ ಹುಲ್ಲಿನಲ್ಲಿ ಬಿದ್ದ ಬಟ್ಟೆಚೂರನ್ನು ಹೆಕ್ಕಿಕೊಂಡು ಬರುತ್ತಾರೆ. ಎರಡೂವರೆ ಸೆಂಟಿಮೀಟರ್ ಅಗಲದ ಹತ್ತಿಬಟ್ಟೆ; ಸೀಸದ ಗುಂಡಿಗೆ ಅಂಗಿಯಾಗಿ ನಳಿಗೆಯೊಳಕ್ಕೆ ಇಳಿದದ್ದು, ಗುಂಡಿನ ಜೊತೆಗೇ ಹೊರಗೆ ಬಂದು ಉದುರಿದ್ದು. ಅಂಗೈ ಮೇಲೆ ಬಿಡಿಸಿಟ್ಟರೆ ನಡುವೆ ದುಂಡನೆಯ ಕಪ್ಪು ಕಲೆ, ಅದರ ಸುತ್ತ ರೈಫಲಿಂಗಿನ (ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳ) ನಡುವಿನ ಏಣುಗಳು ಒತ್ತಿದ ಗೆರೆಗಳು ಒಂದೇ ಅಂತರದಲ್ಲಿ, ಅಂಚಿನಲ್ಲಿ ಒಂದಿಷ್ಟು ನೂಲು ಬಿಚ್ಚಿಕೊಂಡಿರಬೇಕು. ಅಷ್ಟಿದ್ದರೆ ಈಡು, ಅಂದರೆ ಒಂದು ಹೊಡೆತಕ್ಕೆ ತುಂಬುವ ಮಸಿ, ಬಟ್ಟೆ, ಗುಂಡಿನ ಹೊಂದಿಕೆ, ಸರಿದಾರಿಯಲ್ಲಿದೆ.

ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಇಲ್ಲವೇ ಜಿಡ್ಡು ಸಾಲದು, ಇಲ್ಲವೇ ಮಸಿ ಹೆಚ್ಚಾಯಿತು. ಕಪ್ಪು ಕಲೆಯ ಸುತ್ತ ಒಂದೇ ಅಂತರದಲ್ಲಿ ಬ್ಲೇಡಿನಿಂದ ಕೊಯ್ದಂತೆ ಸೀಳಿದ್ದರೆ ಹೊಸ ನಳಿಗೆಯ ಏಣುಗಳು ಇನ್ನೂ ಹರಿತವಾಗಿವೆ, ಅಥವಾ ನಳಿಗೆಯ ಬಾಯಂಚು ಕೊಯ್ಯುತ್ತಿದೆ. ಒಂದೇ ಬದಿ ಕರಿದಾಗಿದ್ದರೆ ಆ ಕಡೆಯಿಂದ ಹೊಗೆ ನುಸುಳಿದೆ. ಬಟ್ಟೆ ಓರೆಯಾಗಿ ಕೂತಿರಬಹುದು, ಬಾಯಂಚಿಗೆ ಪೆಟ್ಟು ಬಿದ್ದಿರಬಹುದು. ಏಣಿನ ಗುರುತೇ ಇಲ್ಲದಿದ್ದರೆ ಗುಂಡು ಸಡಿಲ. ಇಷ್ಟನ್ನೂ ಒಂದು ಚಿಂದಿ ಪುಕ್ಕಟೆಯಾಗಿ ಹೇಳುತ್ತದೆ. ಆದರೂ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಗ್ರೇನ್ ಮಸಿ?"

ಮಸಿಯ ಲೆಕ್ಕ ಆಮೇಲೆ ಬರಲಿ. ಮೊದಲು ಗುರಿ ಯಾವುದೆಂದು ನೋಡೋಣ. ಬಾಯಿಂದ ಈಡು ತುಂಬುವ ಬಂದೂಕುಗಳ ಅಂತರರಾಷ್ಟ್ರೀಯ ಸ್ಪರ್ಧೆಗಳನ್ನು ನಡೆಸುವ ಸಮಿತಿ ಎಂಎಲ್‌ಎಐಸಿ. ಅದರ ಪಿಸ್ತೂಲು ವಿಭಾಗಗಳಿಗೆ ಹಳೆಯ ಕಮ್ಮಾರ ಮನೆತನಗಳ, ಕೋವಿಗಾರರ ಹೆಸರು. ಒಂಟಿ ಈಡಿನ ಕೇಪಿನ ಪಿಸ್ತೂಲಿಗೆ ಜರ್ಮನಿಯ ರೇಗನ್ಸ್‌ಬರ್ಗ್ ಕಡೆಯ ಕುಖನ್‌ರಾಯ್ಟರ್, ಚಕಮಕಿಯದಕ್ಕೆ ಇಟಲಿಯ ಕೊಮಿನಾಟ್ಸೊ, ರಿವಾಲ್ವರಿಗೆ ಮರಿಯೆಟ್. ದೂರ 25 ಮೀಟರ್, ನಿಂತು, ಒಂದೇ ಕೈಯಲ್ಲಿ. 30 ನಿಮಿಷದಲ್ಲಿ 13 ಗುಂಡು, ಅದರಲ್ಲಿ ಚೆನ್ನಾಗಿ ಬಿದ್ದ 10 ಲೆಕ್ಕಕ್ಕೆ. ಹಾಳೆಯ ಹತ್ತರ ವೃತ್ತ 50 ಮಿಲಿಮೀಟರ್ ಅಡ್ಡಳತೆ, ಒಂಬತ್ತರದ್ದು 100. ಹಾಗಾಗಿ ಕೈ ಆನಿಸಿ ಕೂತು ಹೊಡೆದಾಗ ಹತ್ತು ಗುಂಡು 40 ಮಿಲಿಮೀಟರಿನೊಳಗೆ ಬೀಳುವ ಈಡು ಸಿಕ್ಕರೆ ಉಳಿದ ತಪ್ಪೆಲ್ಲ ಹೊಡೆಯುವವರದ್ದು. 30ರೊಳಗೆ ಬಂದರೆ ಒಳ್ಳೆಯ ಪಿಸ್ತೂಲು.

ಮಲೆನಾಡು, ಕೊಡಗಿನ ಕೇಪಿನ ಕೋವಿ ಕಂಡವರಿಗೆ ಮಸಿ, ಗಜ (ಈಡು ಒತ್ತುವ ಸರಳು), ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ), ಕೇಪು (ಏಟು ಬಿದ್ದರೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ), ಈಡು ಎಲ್ಲವೂ ಮನೆಮಾತು. ಆದರೆ ಮಸಿ ಸುರಿದು, ತೆಂಗಿನ ನಾರು ಜಡಿದು, ಮೇಲೆ ಚರೆ ಹಾಕಿ ಮತ್ತೆ ನಾರು ಜಡಿಯುವ ಈಡಿಗೂ ಇದಕ್ಕೂ ನಂಟು ಅಷ್ಟಕ್ಕೇ ಮುಗಿಯುತ್ತದೆ. ಅಲ್ಲಿ ಚರೆ ಹರಡಬೇಕು. ಇಲ್ಲಿ ಹದಿಮೂರು ಗುಂಡು ಒಂದೇ ತೂತಿಗೆ ಹೋಗಬೇಕು. ಇನ್ನೊಂದು ಮಾತು: ನಮ್ಮಲ್ಲಿ ಪಿಸ್ತೂಲಿಗೂ ಮಸಿಗೂ ಕಾನೂನು ಬೇರೆ ಬೇರೆ, ಎರಡಕ್ಕೂ ಪರವಾನಗಿಯ ಮಾತಿದೆ. ಇಲ್ಲಿ ಹೇಳುತ್ತಿರುವುದು ಪರವಾನಗಿ ಇರುವ ಪಿಸ್ತೂಲು, ಅಂಗಡಿಯಲ್ಲಿ ಕೊಂಡ ಮಸಿ, ಸರಿಯಾದ ರೇಂಜಿನ ಸಂಗತಿ.

ಈಗ ಮಸಿ. ಕಪ್ಪು ಮಸಿ ಬಿಟ್ಟು ಬೇರೇನನ್ನೂ ಇವಕ್ಕೆ ಹಾಕುವಂತಿಲ್ಲ. ಹೊಗೆಯಿಲ್ಲದ ಆಧುನಿಕ ಪುಡಿ ಒಂದು ಚಿಟಿಕೆ ಸೇರಿದರೂ ನಳಿಗೆ ಸಿಡಿದು ಕೈ ಹೋದೀತು. ಪಿಸ್ತೂಲಿಗೆ ಸಾಮಾನ್ಯವಾಗಿ ಸಣ್ಣ ಕಾಳಿನ ಮೂರು-ಎಫ್ ದರ್ಜೆ. ಸ್ವಿಸ್ ಮಸಿಯಲ್ಲಿ ಅದೇ ಎರಡನೇ ನಂಬರು, ಕಾಳು ಸುಮಾರು 0.5ರಿಂದ 0.8 ಮಿಲಿಮೀಟರ್. ಜರ್ಮನಿಯ ವಾನೊ, ಅಮೆರಿಕದ ಗೋಯೆಕ್ಸ್ ಕೂಡ ಬಳಕೆಯಲ್ಲಿವೆ. ಅಳತೆ ಒಂದೇ ಆದರೂ ಸ್ವಿಸ್ ಮಸಿ ಗುಂಡನ್ನು ಹೆಚ್ಚು ವೇಗವಾಗಿ ತಳ್ಳುತ್ತದೆ. ಆದ್ದರಿಂದ ಒಂದು ಮಸಿಗೆ ಕೂಡಿಸಿದ ಈಡನ್ನು ಇನ್ನೊಂದಕ್ಕೆ ಹಾಗೆಯೇ ದಾಟಿಸಬಾರದು. ಡಬ್ಬ ಬದಲಾದರೆ ಪರೀಕ್ಷೆ ಹೊಸದು.

ಪ್ರಮಾಣ ಹೇಳದೆ ಬಿಟ್ಟರೆ ಓದುಗರು ಒಪ್ಪುವುದಿಲ್ಲ. 0.44 ಇಂಚಿನ ಒಂಟಿ ಪಿಸ್ತೂಲಿಗೆ 18ರಿಂದ 25 ಗ್ರೇನ್, 0.36ರ ಆಸುಪಾಸಿನದಕ್ಕೆ 12ರಿಂದ 18, 0.44ರ ರಿವಾಲ್ವರಿಗೆ 15ರಿಂದ 22. ಒಂದು ಗ್ರಾಂ ಅಂದರೆ 15.43 ಗ್ರೇನ್, ಹಾಗಾಗಿ 20 ಗ್ರೇನ್ ಸುಮಾರು 1.3 ಗ್ರಾಂ. ಇವು ಪಿಸ್ತೂಲಿನ ಜೊತೆ ಬರುವ ಕೈಪಿಡಿಯ ಮಿತಿಯೊಳಗೆ ಮಾತ್ರ. ಕೈಪಿಡಿ ಕಡಿಮೆ ಹೇಳಿದರೆ ಕೈಪಿಡಿಯದ್ದೇ ಕೊನೆಯ ಮಾತು. ಹೆಚ್ಚು ಮಸಿ ಹಾಕಿದರೆ ಹೆಚ್ಚು ನೇರ ಎಂಬುದು ರೈಫಲ್ಲಿನವರ ಅಭ್ಯಾಸ. ಇಪ್ಪತ್ತೈದು ಮೀಟರಿಗೆ ಅದರ ಅಗತ್ಯವಿಲ್ಲ. ಒಂದೇ ಕೈಯಲ್ಲಿ ಹಿಡಿದ ಪಿಸ್ತೂಲು ಜಾಸ್ತಿ ಒದ್ದಷ್ಟೂ ಹಿಡಿತ ಗುಂಡಿನಿಂದ ಗುಂಡಿಗೆ ಬದಲಾಗುತ್ತದೆ.

ಇಲ್ಲೊಂದು ಲೆಕ್ಕ ಮಾಡಿ ನೋಡಬೇಕು. ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೋದರೆ 25 ಮೀಟರ್ ಮುಟ್ಟಲು ಒಂದು ಸೆಕೆಂಡಿನ ಎಂಟನೇ ಒಂದು ಪಾಲು. ಅಷ್ಟರಲ್ಲಿ ಅದು ಕೆಳಗಿಳಿಯುವುದು ಸುಮಾರು 77 ಮಿಲಿಮೀಟರ್. ವೇಗ 190ಕ್ಕೆ ಇಳಿದರೆ ಗುಂಡು ಸುಮಾರು 85 ಮಿಲಿಮೀಟರ್ ಇಳಿಯುತ್ತದೆ. ವ್ಯತ್ಯಾಸ 8 ಮಿಲಿಮೀಟರ್. ತಕ್ಕಡಿಯಲ್ಲಿ ಗ್ರೇನಿನ ಹತ್ತನೇ ಒಂದು ಪಾಲಿಗೆ ತಲೆ ಕೆಡಿಸಿಕೊಳ್ಳುವವರು ಉಳಿಸುವುದು ಸೆಕೆಂಡಿಗೆ ಒಂದು ಮೀಟರೂ ಇಲ್ಲ. ಹಾಳೆಯ ಮೇಲೆ ಅದು ಒಂದು ಮಿಲಿಮೀಟರಿಗಿಂತ ಕಡಿಮೆ. ಅದೇ ಹೊತ್ತಿಗೆ ಗಜದ ಒತ್ತಡ ಒಂದು ಈಡಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ನಳಿಗೆ ಒಮ್ಮೆ ಒದ್ದೆ, ಒಮ್ಮೆ ಒಣಕಲು. ಗುಂಪು ಒಡೆಯುವುದು ಅಲ್ಲಿ. ಮಸಿಯನ್ನು ಅಳತೆಪಾತ್ರೆಯಲ್ಲಿ ಒಂದೇ ರೀತಿ ತುಂಬಿ, ಒಂದೇ ರೀತಿ ತಟ್ಟಿ, ಮೇಲಿನದ್ದನ್ನು ಸವರಿ, ಒಂದೊಂದು ಈಡನ್ನು ಒಂದೊಂದು ಮುಚ್ಚಳದ ಕೊಳವೆಯಲ್ಲಿ ಮನೆಯಲ್ಲೇ ತುಂಬಿಟ್ಟುಕೊಂಡರೆ ಸಾಕು. ಕೊಳವೆಯಲ್ಲಿ ಬಿಡಿಬಿಡಿಯಾಗಿ ತರುವುದು ರೇಂಜಿನ ನಿಯಮವೂ ಹೌದು. ಮಸಿಕೊಂಬಿನಿಂದ ನೇರ ನಳಿಗೆಗೆ ಸುರಿದರೆ, ಬುಡದಲ್ಲಿ ಉಳಿದ ಒಂದು ಕಿಡಿ ಇಡೀ ಕೊಂಬನ್ನು ಕೈಯಲ್ಲೇ ಹೊತ್ತಿಸಬಲ್ಲದು.

ಗುಂಡು ಶುದ್ಧ ಸೀಸದ್ದೇ ಆಗಬೇಕು. ಕಾರಿನ ಚಕ್ರದ ಸಮತೋಲಕ್ಕೆ ಹಚ್ಚುವ ತೂಕದ ಸೀಸ, ಬ್ಯಾಟರಿಯ ಸೀಸ ಬೇಡ. ಮೊದಲನೆಯದು ಗಟ್ಟಿ, ಎರಡನೆಯದು ವಿಷ. 0.440 ಇಂಚಿನ, ಅಂದರೆ 11.18 ಮಿಲಿಮೀಟರಿನ ಶುದ್ಧ ಸೀಸದ ಗುಂಡು 8.3 ಗ್ರಾಂ, 128 ಗ್ರೇನ್ ತೂಗಬೇಕು. ಎರಕದ ಗುಂಡು ಅದಕ್ಕಿಂತ ಅರ್ಧ ಗ್ರೇನಿಗೂ ಹೆಚ್ಚು ಹಗುರವಿದ್ದರೆ ಒಳಗೆ ಗಾಳಿಗುಳ್ಳೆ ಇದೆ. ತೂಕ ಕಡಿಮೆಯಾದದ್ದಕ್ಕಲ್ಲ, ಗುಳ್ಳೆ ಒಂದು ಬದಿಗಿದ್ದು ಗುಂಡು ಓಲಾಡುತ್ತದೆಂಬುದಕ್ಕೆ ಅದನ್ನು ಮತ್ತೆ ಮೂಸೆಗೆ ಹಾಕಬೇಕು. ಅಚ್ಚಿನ ಬಾಯಲ್ಲಿ ಕತ್ತರಿಸಿದ ಚಪ್ಪಟೆ ಗುರುತು ತುಂಬುವಾಗ ಯಾವಾಗಲೂ ಮೇಲ್ಮುಖವಾಗಿ, ನಡುಮಧ್ಯದಲ್ಲಿರಲಿ. ಸೀಸ ಕರಗುವ ಕಡೆ ಒಂದು ಹನಿ ನೀರೂ ಬೇಡ. ಕರಗಿದ ಸೀಸಕ್ಕೆ ನೀರು ಬಿದ್ದರೆ ಮುಖಕ್ಕೆ ಸಿಡಿಯುತ್ತದೆ. ಕಿಟಕಿ ತೆರೆದಿರಲಿ, ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಗುಂಡು, ಬಟ್ಟೆ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಗುಂಡು ನಳಿಗೆಯ ಏಣಿನಿಂದ ಏಣಿನ ಅಳತೆಗಿಂತ 0.13ರಿಂದ 0.25 ಮಿಲಿಮೀಟರ್ ಸಣ್ಣದಿರಲಿ, ಬಟ್ಟೆ 0.25ರಿಂದ 0.40 ದಪ್ಪ. ಬಿಗಿಯಾಗಿ ನೇಯ್ದ ಹತ್ತಿ ಅಥವಾ ನಾರಗಸೆಯ ಬಟ್ಟೆ, ಗಂಜಿ ಹೋಗುವಂತೆ ಒಗೆದದ್ದು. ಸಿಂಥೆಟಿಕ್ ಬೆರೆತದ್ದು ನಳಿಗೆಯಲ್ಲಿ ಕರಗಿ ಅಂಟುತ್ತದೆ, ಅಂಚಿನ ನೂಲಿಗೆ ಬೆಂಕಿ ತೋರಿಸಿದರೆ ಗೊತ್ತಾಗುತ್ತದೆ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಉಂಡೆಗಟ್ಟುತ್ತದೆ. ಹೆಬ್ಬೆರಳಿನಿಂದ ಒತ್ತಿ ಬಾಯೊಳಕ್ಕೆ ತಳ್ಳುವಷ್ಟು ಬಿಗಿ ಸಾಕು. ಸುತ್ತಿಗೆ ಬೇಕಾದರೆ ಗುಂಡು ಒಳಹೋಗುವಾಗಲೇ ಚಪ್ಪಟೆಯಾಯಿತು.

ಜಿಡ್ಡು ಅಂದರೆ ಜೇನುಮೇಣ ಒಂದು ಪಾಲು, ಆಲಿವ್ ಅಥವಾ ಅಂಥದ್ದೇ ಅಡುಗೆ ಎಣ್ಣೆ ಎರಡು ಪಾಲು, ತೂಕದಲ್ಲಿ. ಬೇಸಿಗೆಗೆ ಮೇಣ ಸ್ವಲ್ಪ ಹೆಚ್ಚಿಸಬೇಕು. ಪ್ರಾಣಿಯ ಕೊಬ್ಬೂ ನಡೆಯುತ್ತದೆ. ಹಿಂದೆ ಅದೇ ರೂಢಿ, 1857ರಲ್ಲಿ ಎನ್‌ಫೀಲ್ಡ್ ತೋಟಾದ ಗಲಾಟೆ ಎದ್ದದ್ದು ಇಂಥ ಜಿಡ್ಡಿನ ಮೇಲೇ. ಪೆಟ್ರೋಲಿಯಂ ಎಣ್ಣೆ ಮಾತ್ರ ಬೇಡ. ಅದು ಕಪ್ಪು ಮಸಿಯ ಕಿಟ್ಟದ ಜೊತೆ ಸೇರಿ ಡಾಂಬರಿನ ಹಾಗೆ ಗಟ್ಟಿಯಾಗಿ, ಮೂರನೇ ಗುಂಡು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಬಟ್ಟೆಗೆ ಜಿಡ್ಡು ಹಚ್ಚಿ ಎರಡು ಬೆರಳಲ್ಲಿ ಹಿಂಡಿದರೆ ಬೆರಳು ಪಸೆಯಾಗಬೇಕು, ತೊಟ್ಟಿಕ್ಕಬಾರದು. ತೊಟ್ಟಿಕ್ಕಿದ್ದು ಮಸಿಗೆ ಇಳಿದು ಅದರ ಮೇಲಿನ ಪದರವನ್ನು ಕೊಲ್ಲುತ್ತದೆ.

ಕಿಟ್ಟ ಈ ಆಟದ ಅರ್ಧ. ಕಪ್ಪು ಮಸಿ ಸುಟ್ಟ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಘನಪದಾರ್ಥವಾಗಿ ಉಳಿಯುತ್ತದೆ. ಒಂದಿಷ್ಟು ಹೊಗೆಯಾಗಿ ಹೋಗುತ್ತದೆ, ಉಳಿದದ್ದು ನಳಿಗೆಯ ಗೋಡೆಗೆ. ಅದು ಗಾಳಿಯ ತೇವ ಹೀರುತ್ತದೆ: ತೇವದ ದಿನ ಮೆತ್ತಗೆ, ಒಣ ಮಧ್ಯಾಹ್ನ ಹುರುಕಿನಂತೆ ಗಟ್ಟಿ. ಬೆಳಗ್ಗೆ ಒಂಬತ್ತಕ್ಕೆ ಕೂಡಿಬಂದ ಈಡು ಹನ್ನೆರಡಕ್ಕೆ ಕೈಕೊಟ್ಟರೆ ಪಿಸ್ತೂಲನ್ನು ಬೈಯುವ ಮೊದಲು ಕಿಟ್ಟವನ್ನು ನೋಡಬೇಕು. ಪ್ರತಿ ಗುಂಡಿನ ನಂತರ ಒಂದು ತೇವದ ಬಟ್ಟೆ, ಒಂದು ಒಣಬಟ್ಟೆ; ಹದಿಮೂರಕ್ಕೂ ಅದೇ ಕ್ರಮ. ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ, ಬಟ್ಟೆಯನ್ನು ಅದ್ದಿ, ಪೂರ್ತಿ ಹಿಂಡಿ, ತುಟಿಗೆ ತಾಗಿಸಿದರೆ ತಣ್ಣಗೆನಿಸುವಷ್ಟು ತೇವ. ನೀರು ಹೆಚ್ಚಾದರೆ ಕಿಟ್ಟ ಕೆಸರಾಗಿ ಬುಡಕ್ಕೆ ಇಳಿದು ಬೆಂಕಿಯ ದಾರಿಯಲ್ಲಿ ಕೂರುತ್ತದೆ. ಆಮೇಲೆ ಕೇಪು ಸಿಡಿಯುತ್ತದೆ, ಈಡು ಹಾರುವುದಿಲ್ಲ. ಬಟ್ಟೆಯನ್ನು ಬುಡದವರೆಗೆ ಒಮ್ಮೆ ಇಳಿಸಿ ಒಮ್ಮೆ ಎಳೆಯಬೇಕು, ಪಂಪಿನ ಹಾಗೆ ಮೇಲೆ ಕೆಳಗೆ ಆಡಿಸಬಾರದು.

ತುಂಬುವ ಕ್ರಮ ಹೀಗೆ. ಸ್ಪರ್ಧೆಗೆ ಮೊದಲು ಖಾಲಿ ನಳಿಗೆಯ ಮೇಲೆ ಒಂದೆರಡು ಕೇಪು ಸಿಡಿಸಿ ದಾರಿ ಒಣಗಿಸಬೇಕು. ನಳಿಗೆಯ ಬಾಯಿಗೆ ಒಂದು ಹುಲ್ಲುಕಡ್ಡಿ ಹಿಡಿದರೆ ಅದು ಅಲ್ಲಾಡಬೇಕು. ಉದ್ದ ಕೊಳವೆಯ ಆಲಿಕೆಯಿಂದ ಮಸಿಯನ್ನು ನೇರ ಬುಡಕ್ಕೆ ಇಳಿಸಬೇಕು, ಜಿಡ್ಡಿನ ಗೋಡೆಗೆ ಕಾಳು ಅಂಟಬಾರದು. ಪಿಸ್ತೂಲಿನ ಪಕ್ಕಕ್ಕೆ ಎರಡು ಬಾರಿ ತಟ್ಟಿ, ಬಟ್ಟೆ ಇಟ್ಟು, ಗುಂಡು ಇಟ್ಟು, ಒತ್ತಿ, ಗಜದಿಂದ ಒಂದೇ ಓಟದಲ್ಲಿ ಇಳಿಸಬೇಕು. ಗುಂಡು ಮಸಿಯ ಮೇಲೆ ಕೂರಲೇಬೇಕು. ನಡುವೆ ಗಾಳಿ ಉಳಿದರೆ ನಿಖರತೆಯ ಮಾತು ಬಿಡಿ, ಆ ಜಾಗದಲ್ಲಿ ನಳಿಗೆ ಉಬ್ಬಿ ಉಂಗುರ ಬಿದ್ದುಬಿಡುತ್ತದೆ. ಗಜದ ಮೇಲೆ ನಳಿಗೆಯ ಬಾಯಿಯ ಮಟ್ಟಕ್ಕೆ ಎರಡು ಗೆರೆ ಕೊರೆದುಕೊಳ್ಳಿ: ಒಂದು ಖಾಲಿ ನಳಿಗೆಗೆ, ಇನ್ನೊಂದು ಈಡು ತುಂಬಿದ್ದಕ್ಕೆ. ಎರಡನೇ ಗೆರೆಗಿಂತ ಒಂದೆರಡು ಮಿಲಿಮೀಟರ್ ಮೇಲೆ ನಿಂತರೆ ಕಿಟ್ಟ ಜಮಾಯಿಸಿದೆ, ಅದಕ್ಕಿಂತ ಎಷ್ಟೋ ಮೇಲೆ ನಿಂತರೆ ಎರಡು ಈಡು ಬಿದ್ದಿದೆ. ಕೂತ ಗುಂಡನ್ನು ಗಜದಿಂದ ಕುಟ್ಟಬಾರದು. ಒಮ್ಮೆ ಒತ್ತಿ ಬಿಡುವುದು, ಪ್ರತಿ ಸಲವೂ ಅಷ್ಟೇ ಭಾರ. ಮುಂಗೈಯ ಅಂದಾಜು ಸಾಲದವರು ಅಡುಗೆಮನೆಯ ತಕ್ಕಡಿಯ ಮೇಲೆ ಬರೀ ಗಜ ಒತ್ತಿ ಐದು ಕಿಲೋ ಎಂದರೆ ಎಷ್ಟೆಂದು ಕೈಗೆ ಕಲಿಸಿಕೊಳ್ಳಬಹುದು. ಕೇಪು ಮಾತ್ರ ಕಟ್ಟಕಡೆಗೆ, ನಳಿಗೆ ಗುರಿಯ ಕಡೆಗೇ ಇರುವಾಗ.

ರಿವಾಲ್ವರಿನ ಕತೆ ಬೇರೆ. ಅಲ್ಲಿ ಬಟ್ಟೆಯಿಲ್ಲ, ಗುಂಡು ಸಿಲಿಂಡರಿನ ಗೂಡಿಗಿಂತ ದಪ್ಪವಿದ್ದು, ಒತ್ತಿದಾಗ ಸುತ್ತಲಿಂದ ಸೀಸದ ತೆಳು ಉಂಗುರವೊಂದು ಪೂರ್ತಿಯಾಗಿ ಕತ್ತರಿಸಿ ಬೀಳಬೇಕು. ಉಂಗುರ ಅರ್ಧವೇ ಬಂದರೆ ಗುಂಡು ಸಣ್ಣದು. ಸಣ್ಣ ಗುಂಡು ನೇರ ಹೋಗುವುದಿಲ್ಲ, ಪಕ್ಕದ ಗೂಡಿನ ಬೆಂಕಿಯನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಹೊಸದಾಗಿ ತಯಾರಾದ ಎಷ್ಟೋ 0.44 ರೆಮಿಂಗ್ಟನ್ ನಕಲುಗಳಲ್ಲಿ ಗೂಡಿನ ಬಾಯಿ 0.447 ಇಂಚು, ನಳಿಗೆಯ ಗೀರಿನಿಂದ ಗೀರಿಗೆ 0.451. ಗೂಡಿನಲ್ಲಿ ಸವೆದು ಸಣ್ಣದಾದ ಗುಂಡು ನಳಿಗೆಯಲ್ಲಿ ಸಡಿಲವಾಗಿ ಓಡುತ್ತದೆ. ಇದಕ್ಕೆ ಯಾವ ಮಸಿಯ ಲೆಕ್ಕವೂ ಮದ್ದಲ್ಲ, ಗೂಡುಗಳನ್ನು ಗೀರಿನ ಅಳತೆಗೆ ಕೊರೆಸಬೇಕು. ಅದು ಪರವಾನಗಿ ಇರುವ ಕೋವಿಗಾರರ ಕೆಲಸ. ಅದಕ್ಕೇ ಮೊದಲು ಮೆತ್ತನೆಯ ಸೀಸದ ಗುಂಡೊಂದನ್ನು ಖಾಲಿ ನಳಿಗೆಯಲ್ಲಿ ತಳ್ಳಿ ಹೊರತೆಗೆದು ಮೈಕ್ರೋಮೀಟರಿನಲ್ಲಿ ಅಳೆಯುವುದು, ಆಮೇಲೆ ಮಸಿ ಕೊಳ್ಳುವುದು.

ಹದಿನೆಂಟು ಗ್ರೇನ್ ಮಸಿ ಗೂಡಿನ ಅರ್ಧವನ್ನೂ ತುಂಬುವುದಿಲ್ಲ. ಗುಂಡು ಆಳದಲ್ಲಿ ಕೂತರೆ ನಳಿಗೆಗೆ ಬರುವ ಮೊದಲು ಬರಿಗೂಡಿನಲ್ಲಿ ಓಡಿ ಓರೆಯಾಗುತ್ತದೆ. ಯುರೋಪಿನ ರಿವಾಲ್ವರ್ ಸ್ಪರ್ಧಿಗಳು ಈ ಜಾಗಕ್ಕೆ ಹಾಕುವುದು ಏನೆಂದರೆ, ನಮ್ಮ ಉಪ್ಪಿಟ್ಟಿನ ರವೆ! ಚಿರೋಟಿ ರವೆ ಹಿಟ್ಟಿನಂತೆ ಗಟ್ಟಿಯಾಗುತ್ತದೆ, ಬೇಡ. ದಪ್ಪ ರವೆ ಒಣಗಿದ್ದು, ಸಲೀಸಾಗಿ ಜಾರುವಂಥದ್ದು. ಮಸಿಯ ಮೇಲೆ ರವೆ ಸುರಿದು ಗುಂಡು ಒತ್ತಿದಾಗ ಅದರ ನೆತ್ತಿ ಗೂಡಿನ ಬಾಯಿಂದ ಎರಡು ಮಿಲಿಮೀಟರ್ ಕೆಳಗೆ ನಿಲ್ಲುವಷ್ಟು. ಆ ಎರಡು ಮಿಲಿಮೀಟರಿಗೆ ಜಿಡ್ಡು ಸವರಬೇಕು. ಗೂಡುಗಳಿಗೆ ಬಣ್ಣದ ಚುಕ್ಕೆಯಿಂದ ನಂಬರು ಹಾಕಿ, ಒಂದೊಂದರಿಂದ ಹತ್ತು ಹತ್ತು ಗುಂಡು ಬೇರೆ ಬೇರೆ ಹಾಳೆಗೆ ಹೊಡೆದು ನೋಡುವುದು ಬೇಸರದ ಕೆಲಸವೇ. ಆದರೆ ಆರರಲ್ಲಿ ಒಂದು ಗೂಡು ಮೂಲೆ ಹಿಡಿಯುವುದು ಅಪರೂಪವಲ್ಲ. ಅದನ್ನು ಬಿಟ್ಟು ಐದೇ ತುಂಬಿದರಾಯಿತು.

ಪರೀಕ್ಷೆಯಲ್ಲಿ ಹೆಚ್ಚಿನವರು ಮೋಸಹೋಗುವುದು ಮೂರು ಗುಂಡಿನ ಗುಂಪಿಗೆ. ಒಂದೇ ಈಡು ಒಮ್ಮೆ ಮೂರನ್ನು 15 ಮಿಲಿಮೀಟರಿನಲ್ಲಿ ಹಾಕುತ್ತದೆ, ಮರುಗಳಿಗೆ 45ರಲ್ಲಿ. ಅದು ಈಡಿನ ಗುಣವಲ್ಲ, ದಾಳದ ಗುಣ. ಒಂದು ಪ್ರಮಾಣಕ್ಕೆ ಹತ್ತು ಗುಂಡು, ಇನ್ನೊಂದು ದಿನ ಮತ್ತೆ ಹತ್ತು. ಎರಡು ದೂರದ ತೂತುಗಳ ನಡುವಿನ ಅಳತೆಗಿಂತ, ಗುಂಪಿನ ನಡುವಿನಿಂದ ಪ್ರತಿ ತೂತಿನ ದೂರವನ್ನು ಬರೆದು ಸರಾಸರಿ ತೆಗೆದರೆ ನಂಬಬಹುದು. 0.44ರ ಒಂಟಿ ಪಿಸ್ತೂಲಾದರೆ 18ರಿಂದ ಶುರುಮಾಡಿ ಎರಡೆರಡು ಗ್ರೇನ್ ಏರಿಸಿ; ಒಳ್ಳೆಯದು ಎನಿಸಿದ ಕಡೆ ಒಂದು ಗ್ರೇನ್ ಆಚೆ, ಒಂದು ಈಚೆ. ಮೂರೂ ಹತ್ತಿರ ಹತ್ತಿರ ಬಂದರೆ ನಡುವಿನದ್ದನ್ನು ಹಿಡಿಯಿರಿ. ಒಂದೇ ಪ್ರಮಾಣದಲ್ಲಿ ಮಾತ್ರ ಚೆಂದ, ಆಚೀಚೆ ಕೆಟ್ಟದು ಅಂದರೆ ಅನುಮಾನಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು: ಮಸಿ ಬದಲಿಸಿದ ದಿನ ಬಟ್ಟೆ ಬದಲಿಸಬಾರದು.

ಚೆನ್ನಾಗಿದ್ದ ಈಡು ಒಂದೆರಡು ವರ್ಷದ ಮೇಲೆ ಮೇಲೆ-ಕೆಳಗೆ ಚೆಲ್ಲತೊಡಗಿದರೆ ನಿಪ್ಪಲ್ (ಕೇಪು ಕೂರಿಸುವ, ನಡುವೆ ತೂತಿರುವ ಮೊಳೆ) ನೋಡಿ. ಹೊಸತರಲ್ಲಿ ಅದರ ಬುಡದ ತೂತು ಸುಮಾರು 0.7 ಮಿಲಿಮೀಟರ್. ಬೆಂಕಿ ತಿಂದು ಅದು ಒಂದು ಮಿಲಿಮೀಟರ್ ಆದಾಗ ಹೊಗೆ ಹಿಂದಕ್ಕೆ ಹೊಡೆದು ಕುದುರೆಯನ್ನೇ ಎತ್ತುತ್ತದೆ, ಕೇಪು ಚಿಂದಿಯಾಗುತ್ತದೆ, ವೇಗ ಏರುಪೇರಾಗುತ್ತದೆ. ಹೊಸ ನಿಪ್ಪಲಿಗೆ ತಗಲುವ ದುಡ್ಡು ಮಸಿಯ ಡಬ್ಬಕ್ಕಿಂತ ಎಷ್ಟೋ ಕಡಿಮೆ. ಕೇಪು ನಿಪ್ಪಲಿಗೆ ಒತ್ತಿದರೆ ಪೂರ್ತಿ ಕೂರಬೇಕು; ಮೇಲೆ ನಿಂತರೆ ಕುದುರೆಯ ಮೊದಲ ಏಟು ಅದನ್ನು ಕೂರಿಸುವುದಕ್ಕೇ ಖರ್ಚು. ಹಾರದೆ ಉಳಿದರೆ ನಳಿಗೆ ಗುರಿಯ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯುವುದು, ಆಮೇಲೆ ಹೊಸ ಕೇಪು. ಚಕಮಕಿಯ ಪಿಸ್ತೂಲಿನಲ್ಲಿ ಕಿಡಿ ಬೀಳುವ ತಟ್ಟೆಯ ಮಸಿ ಅರ್ಧಕ್ಕಿಂತ ಕಡಿಮೆ, ಬೆಂಕಿತೂತು ಮುಚ್ಚದ ಹಾಗೆ. ತೂತು ಮುಚ್ಚುವ ಹಾಗೆ ತುಂಬಿದರೆ ಅದು ಬತ್ತಿಯಂತೆ ನಿಧಾನವಾಗಿ ಉರಿಯುತ್ತದೆ, ಅಷ್ಟರಲ್ಲಿ ಕೈ ಅಲ್ಲಾಡಿರುತ್ತದೆ.

ಸೈಟನ್ನು (ನಳಿಗೆಯ ಮೇಲೆ ಗುರಿ ಹಿಡಿಯುವ ಮೊನೆಯನ್ನು) ಅರದಿಂದ ಉಜ್ಜುವುದು ಎಲ್ಲಕ್ಕಿಂತ ಕೊನೆಗೆ. ನಕಲು ಪಿಸ್ತೂಲುಗಳ ಮುಂದಿನ ಸೈಟ್ ಬೇಕೆಂದೇ ಎತ್ತರ ಬಿಟ್ಟಿರುತ್ತಾರೆ, ಹಾಗಾಗಿ ಗುಂಡು ಕೆಳಗೆ ಬೀಳುತ್ತದೆ. ಈಡು ನಿಲ್ಲುವ ಮೊದಲೇ ಅರ ಹಿಡಿದವರು ಮಸಿ ಬದಲಿಸಿದಾಗ ಪೇಚಿಗೆ ಸಿಕ್ಕುತ್ತಾರೆ, ಉಜ್ಜಿದ ಕಬ್ಬಿಣ ವಾಪಸು ಬರುವುದಿಲ್ಲ. ಲೆಕ್ಕ ಸುಲಭ: ಗುಂಡು ಎಷ್ಟು ಮೇಲೇರಬೇಕೋ ಅದನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು. ಗುಂಪು 60 ಮಿಲಿಮೀಟರ್ ಕೆಳಗಿದ್ದು ಸೈಟುಗಳ ನಡುವೆ 250 ಮಿಲಿಮೀಟರ್ ಇದ್ದರೆ 0.6 ಮಿಲಿಮೀಟರ್ ಉಜ್ಜಬೇಕು. ಮೊದಲ ದಿನ 0.4 ಉಜ್ಜಿ ಹತ್ತು ಗುಂಡು ಹೊಡೆಯಿರಿ, ಮೋಡದ ದಿನವೊಮ್ಮೆ, ಬಿಸಿಲಲ್ಲೊಮ್ಮೆ. ಉಳಿದ 0.2 ಅದಾದ ಮೇಲೆ.